ಬೈಯುವುದನ್ನು ಬಿಟ್ಟ ಗಂಡಸರು

ಹೊಸದಾಗಿ ವಾರ್ಡಿನ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ನನ್ನನ್ನು ಕೇಳುವುದು ಎರಡೇ ಮಾತು. ವಾಸನೆ ತಡೆಯುವುದು ಹೇಗೆ? ಹೆಣ ಮುಟ್ಟಿದ ಮೇಲೆ ಊಟ ಸೇರುತ್ತದೆಯೇ? ವಾಸನೆ ಕೆಲವು ಕಾಲದ ಮೇಲೆ ಗೊತ್ತಾಗುವುದಿಲ್ಲ. ಊಟ ಸೇರುತ್ತದೆ, ಹಸಿದರೆ ಎಲ್ಲ ಸೇರುತ್ತದೆ. ಇವು ದೊಡ್ಡ ವಿಷಯವಲ್ಲ. ದೊಡ್ಡದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಿಕ್ಕತಾಯಮ್ಮ. ಮೊದಲು ಗುಂಡ್ಲುಪೇಟೆಯಲ್ಲಿ, ಆಮೇಲೆ ಚಾಮರಾಜನಗರದಲ್ಲಿ ಆಸ್ಪತ್ರೆಯ ಆಯಾ ಆಗಿದ್ದೆ. ಶಾಲೆಯ ಮುಖ ನೋಡಿದವಳಲ್ಲ. ಔಷಧಿ ಡಬ್ಬದ ಮೇಲಿನ ಹೆಸರು, ಬಾಗಿಲ ಮೇಲಿನ ಬೋರ್ಡು ನೋಡಿಕೊಂಡು ಅಕ್ಷರ ಕೂಡಿಸಿಕೊಂಡೆ. ಇದರಲ್ಲಿನ ಒತ್ತು, ದೀರ್ಘಗಳನ್ನು ಪಕ್ಕದ ಮನೆಯ ಮೇಷ್ಟ್ರು ತಿದ್ದಿದ್ದಾರೆ. ವಿಷಯ ತಿದ್ದಬೇಡಿ ಎಂದು ಮೊದಲೇ ಹೇಳಿದ್ದೆ.

ನಮ್ಮ ವಾರ್ಡಿಗೆ ಲಿವರ್ ಕೆಟ್ಟವರು ಬಹಳ ಬರುತ್ತಿದ್ದರು. ಕುಡಿದು ಕೆಟ್ಟವರು ಹೆಚ್ಚು. ಕುಡಿಯದೆ ಕೆಟ್ಟವರೂ ಇದ್ದಾರೆ, ಅದನ್ನು ಮರೆಯಬೇಡಿ. ಚಂದಕವಾಡಿ ಕಡೆಯ ಒಬ್ಬ ಅಜ್ಜಿಗೆ ಹೆಂಡದ ವಾಸನೆಯೂ ಗೊತ್ತಿರಲಿಲ್ಲ. ಹಳೆಯ ಕಾಮಾಲೆಯಿಂದ ಲಿವರ್ ಹೋಗಿತ್ತು. ಸ್ಕ್ಯಾನಿಂಗ್ ಸಾಲಿನಲ್ಲಿ ಅವಳ ಹೊಟ್ಟೆ ನೋಡಿ ಒಬ್ಬ ನಕ್ಕ. "ಏನಜ್ಜಿ, ನೀನೂ ದಿನಾ ಕ್ವಾಟ್ರಾ?"

"ಊಂ ಕನಪ್ಪ, ನಿಮ್ಮಪ್ಪನ ಜೊತೇಲೆ ಕುಂತ್ಕಂಡು ಕುಡೀತಿದ್ದಿ. ಮನೇಲಿ ಹೇಳ್ನಿಲ್ವಾ ಅಂವ?" ಎಂದಳು ಅಜ್ಜಿ. ಸಾಲಿಗೆ ಸಾಲೇ ನಕ್ಕಿತು. ಅಜ್ಜಿ ನಗಲಿಲ್ಲ. ನಗುವ ಶಕ್ತಿ ಅವಳಲ್ಲಿ ಇರಲಿಲ್ಲ.

ಈ ಕಾಯಿಲೆಯವರು ನೋಡಲು ಒಂದೇ ಥರ. ಕೈ, ಕತ್ತು, ಕೆನ್ನೆ ಎಲ್ಲ ಸೊರಗಿರುತ್ತದೆ. ಹೊಟ್ಟೆ ಮಾತ್ರ ತುಂಬು ಬಸುರಿಯದು. ಒಳಗೆ ನೀರು. ಕಾಲಿಗೂ ನೀರು ಇಳಿದು ಚರ್ಮ ಬಿಗಿದು ಮಿರಮಿರ ಹೊಳೆಯುತ್ತದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನೀರು ತೆಗೆಯುವುದೆಂದರೆ ದಪ್ಪ ಸೂಜಿ, ರಬ್ಬರ್ ಕೊಳವೆ, ಕೆಳಗೆ ಬಕೆಟ್ಟು. ಸೂಜಿಯನ್ನು ಕುದಿಸಿ ಕುದಿಸಿ ಮತ್ತೆ ಮತ್ತೆ ಬಳಸುತ್ತಿದ್ದರು. ಬಕೆಟ್ಟು ಹಿಡಿಯುವವಳು ನಾನು. ತುಂಬಿದ ಮೇಲೆ ಚರಂಡಿಗೆ ಸುರಿದರೆ ಮುಗಿಯಿತು. ಈಗ ಸೂಜಿ ಒಮ್ಮೆ ಚುಚ್ಚಿದರೆ ಕಸಕ್ಕೆ. ಕೈಗೆ ಗ್ಲೌಸು. ಎಲ್ಲಕ್ಕಿಂತ ಮೊದಲು ಒಂದು ಚಿಕ್ಕ ಬಾಟಲಿಗೆ ನೀರು ಹಿಡಿದು ಲ್ಯಾಬಿಗೆ ಕಳಿಸುತ್ತಾರೆ. ಆ ನೀರಿನಲ್ಲಿ ಕೀವಿನ ಕಣ ಇದೆಯೇ ಎಂದು ನೋಡುತ್ತಾರೆ. ನಾನು ಕಂಡ ಬದಲಾವಣೆಗಳಲ್ಲಿ ಈ ಚಿಕ್ಕ ಬಾಟಲಿಯೇ ದೊಡ್ಡದು. ಮೊದಲು ಎಷ್ಟೋ ಜನರಿಗೆ ಹೊಟ್ಟೆಯ ನೀರೇ ಕೆಟ್ಟು ಹೋಗಿರುತ್ತಿತ್ತು. ನಾವು ಲಿವರಿನಿಂದ ಸತ್ತ ಎಂದುಕೊಂಡು ಬಟ್ಟೆ ಮುಚ್ಚುತ್ತಿದ್ದೆವು.

ನನಗೆ ಕೆಲಸ ಕಲಿಸಿದವರು ಲೀಲಮ್ಮ ಸಿಸ್ಟರ್. ವಯನಾಡಿನ ಕಡೆಯವರು. ಕನ್ನಡವನ್ನು ಮೂಗಿನಲ್ಲಿ ಮಾತಾಡುತ್ತಿದ್ದರು. ಬೈದರೆ ಪೂರ್ತಿ ಮಲಯಾಳ, ಅದು ಯಾರಿಗೂ ಅರ್ಥವಾಗದಿದ್ದರೂ ಎಲ್ಲರಿಗೂ ತಾಕುತ್ತಿತ್ತು. ಕೆಲವು ರೋಗಿಗಳು ನನ್ನ ಜಾತಿ ಕೇಳಿ ನನ್ನ ಕೈಯ ನೀರು ಬೇಡ ಎನ್ನುತ್ತಿದ್ದರು. "ನೀರ್ ಬೇಡ ಅಂದ್ರೆ ಬುಡಿ, ಕಕ್ಕಸ್ ಕೂಡ ನೀವೇ ತೊಳ್ಕೊಳಿ," ಎಂದು ಸಿಸ್ಟರ್ ಹೇಳಿದ ಮೇಲೆ ಸುಮ್ಮನಾಗುತ್ತಿದ್ದರು. ಆಮೇಲೆ ಅವರನ್ನೂ ನಾನೇ ತೊಳೆದೆ. ಅದನ್ನು ದೊಡ್ಡದಾಗಿ ಹೇಳುತ್ತಿಲ್ಲ. ಕೆಲಸ ಅಂದರೆ ಅದು.

ಸಿಸ್ಟರ್ ನನಗೆ ಒಂದು ಪಾಠ ಹೇಳಿಕೊಟ್ಟಿದ್ದರು. "ಚಿಕ್ಕತಾಯಿ, ಈ ಲಿವರಿನವರ ಹಣೆ ಮುಟ್ಟಿ ಜ್ವರ ಇಲ್ಲ ಅಂತ ನನ್ ಹತ್ರ ಬಂದು ಹೇಳ್ಬೇಡ. ಇವರಿಗೆ ಒಳಗೆ ಕೀವಾದ್ರೂ ಮೈ ತಣ್ಣಗೇ ಇರ್ತದೆ. ಎರಡೂ ಕೈ ಮುಂದಕ್ಕೆ ಚಾಚೋಕೆ ಹೇಳು. ಹಕ್ಕಿ ರೆಕ್ಕೆ ಬಡಿದಂಗೆ ಅಂಗೈ ಬಡೀತದಾ ನೋಡು. ಹೆಂಡ್ತಿನ ಕೇಳು, ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಅಂತ. ಹೆಂಡ್ತಿಗೆ ಗೊತ್ತಿರ್ತದೆ."

ಈ ಮಾತು ನಿಜವೆಂದು ನನಗೆ ತೋರಿಸಿದವನು ಉಪ್ಪಿನಕಾಯಿಯ ಮಾದಯ್ಯ. ಈ ಕಾಯಿಲೆಗೆ ಉಪ್ಪು ಕೊಡುವಂತಿಲ್ಲ. ಅವನು ದಿಂಬಿನ ಕೆಳಗೆ ಉಪ್ಪಿನಕಾಯಿ ಪೊಟ್ಟಣ ಬಚ್ಚಿಡುತ್ತಿದ್ದ. ನಾನು ಕಿತ್ತುಕೊಂಡರೆ ಇಡೀ ವಾರ್ಡು ಕೇಳುವಂತೆ ಬೈಯುತ್ತಿದ್ದ. "ಎಮ್ಮೆಗಾದ್ರೂ ಉಪ್ಪು ನೆಕ್ಕುಸ್ತಾರಲ್ಲಮ್ಮಿ, ನಾನು ಎಮ್ಮೆಗಿಂತ ಕಡೆಯಾ?" ಒಂದು ಬೆಳಿಗ್ಗೆ ಪೊಟ್ಟಣವನ್ನು ಅವನೇ ತೆಗೆದು ನನ್ನ ಕೈಗಿಟ್ಟ. ಅಕ್ಕಪಕ್ಕದವರು ಬುದ್ಧಿ ಬಂತು ಎಂದು ಹೊಗಳಿದರು. ನಾನು ಸಿಸ್ಟರನ್ನು ಕರೆಯಲು ಓಡಿದೆ. ಡಾಕ್ಟರು ಬಂದು ನೀರು ತೆಗೆದು ನೋಡಿದರು, ಔಷಧಿಯನ್ನೂ ಹಾಕಿದರು. ಅವನು ಉಳಿಯಲಿಲ್ಲ. ಕೊನೆಯವರೆಗೂ ಯಾರಿಗೂ ಎದುರಾಡಲಿಲ್ಲ.

ಹೀಗೆ ನಮ್ಮ ವಾರ್ಡಿನಲ್ಲಿ ಲೆಕ್ಕ ತಲೆಕೆಳಗು. ಬೈಯುವವನನ್ನು ಕಂಡರೆ ನಮಗೆ ಧೈರ್ಯ. ಒಳ್ಳೆಯವನಾದರೆ ಭಯ. ಇದು ನಮಗೆ ಸರಿ. ಮನೆಯವರಿಗೆ ಇದನ್ನು ಹೇಳಿಕೊಡುವುದು ಬೇರೆ ಕೆಲಸ. ಗುರುಮಲ್ಲಪ್ಪನ ಹೆಂಡತಿ ಮಂಗಳಮ್ಮನಿಗೆ ಹೇಳಿಕೊಟ್ಟವಳು ನಾನು.

ಗುರುಮಲ್ಲಪ್ಪ ಕುದೇರಿನವನು. ಒಳ್ಳೆಯ ಜಮೀನು, ಬಾಳೆ, ಅರಿಶಿನ. ಕುಡಿದು ಲಿವರ್ ಕೆಡಿಸಿಕೊಂಡಿದ್ದ. ಹೊಟ್ಟೆಯ ನೀರು ತೆಗೆಸಲು ಆಗಾಗ ಬರುತ್ತಿದ್ದುದರಿಂದ ನಮಗೆಲ್ಲ ಪರಿಚಯ. ಬಾಯಿ ಬಹಳ ಕೆಟ್ಟದ್ದು. ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. "ಲೇ ಮೂದೇವಿ, ಚೆಂಬು ಎಲ್ಲಿ ಮಡುಗ್ದೆ?" ಎಂದೇ ಮಾತು ಶುರು. ಮನೆಯಲ್ಲಿ ಕೈಯನ್ನೂ ಎತ್ತುತ್ತಿದ್ದ. ಅವಳ ಮೊಣಕೈ ಸೊಟ್ಟಗಿತ್ತು.

ಒಂದು ಚಳಿಗಾಲ ಅವನು ಬೇರೆ ವೇಷದಲ್ಲಿ ಬಂದ. ಕಪ್ಪು ಪಂಚೆ, ಕಪ್ಪು ಅಂಗಿ, ಕತ್ತಿನಲ್ಲಿ ಮಣಿಮಾಲೆ, ಬರಿಗಾಲು. ಮಂಗಳಮ್ಮನ ಅಣ್ಣ ಶಿವಣ್ಣ ಪ್ರತಿವರ್ಷ ಅಯ್ಯಪ್ಪನ ಮಾಲೆ ಹಾಕಿ ಬೆಟ್ಟಕ್ಕೆ ಹೋಗುವವನು. ಕುಡಿತ ಬಿಡಿಸಲೆಂದು ಭಾವನಿಗೂ ಹಾಕಿಸಿದ್ದ. ನಮ್ಮ ಕಡೆ ಇದು ಎಷ್ಟೋ ಮನೆಯ ಕೊನೆಯ ಪ್ರಯತ್ನ. ಡಾಕ್ಟರ ಮಾತು ಕೇಳದವನು ದೇವರಿಗಾದರೂ ಹೆದರುತ್ತಾನೆ ಎಂಬ ನಂಬಿಕೆ. ಗುರುಮಲ್ಲಪ್ಪ ಹೆದರಿದ್ದ. ನಿಜವಾಗಿ ಕುಡಿತ ಬಿಟ್ಟಿದ್ದ. ಬೆಳಗಿನ ಜಾವ ತಣ್ಣೀರ ಸ್ನಾನ, ಎರಡು ಹೊತ್ತು ಪೂಜೆ. ಊದಿದ ಆ ಕಾಲಿನಲ್ಲೇ ಕಲ್ಲು, ಮುಳ್ಳು, ಗದ್ದೆಬದು ಎಲ್ಲ ಚಪ್ಪಲಿ ಇಲ್ಲದೆ ನಡೆದಿದ್ದ.

ಮಂಗಳಮ್ಮ ಅವನನ್ನು ಹಾಸಿಗೆಯಲ್ಲಿ ಕೂರಿಸಿ ನನ್ನನ್ನು ಹುಡುಕಿಕೊಂಡು ಬಂದಳು. ಮುಖ ಹೊಸ ಮದುವಣಗಿತ್ತಿಯಂತೆ ಇತ್ತು.

"ಅಕ್ಕಾ, ಬನ್ನಿ ನೋಡಿ. ನಿಮ್ಮ ಔಷಧಿ ಮಾಡ್ದೆ ಇದ್ದುದ್ದ ಮಾಲೆ ಮಾಡ್ತು. ಈಗ ಬೈಯದೇ ಇಲ್ಲ. ನೆನ್ನ ಏನ್ ಕೇಳುದ್ರು ಗೊತ್ತಾ? ಮಂಗಳಾ, ಉಂಡ್ಯಾ ಅಂದ್ರು. ಮದ್ವ ಆದಾಗ್ನಿಂದ ಆ ಮಾತ ಕೇಳಿರ್ನಿಲ್ಲ ಕನಕ್ಕ."

ಕೈಯಲ್ಲಿದ್ದ ಬಕೆಟ್ಟು ಅಲ್ಲೇ ಇಟ್ಟೆ. ಹೋಗಿ ನೋಡಿದೆ. "ಸ್ವಾಮಿ, ಎರಡೂ ಕೈ ಮುಂದಕ್ ಚಾಚಿ," ಎಂದೆ. ಮಗುವಿನಂತೆ ಚಾಚಿದ. ಅಂಗೈ ಬಡಿಯಿತು. "ಇದು ಯಾವೂರು?" ಎಂದೆ. ಬಹಳ ಹೊತ್ತು ಯೋಚಿಸಿ, "ನಮ್ಮ ತೋಟ," ಎಂದು ನಕ್ಕ. ಪಂಚೆ ಸರಿಸಿದೆ. ಹಿಮ್ಮಡಿ ಒಡೆದು ಬಿರುಕು ಬಿಟ್ಟಿತ್ತು. ಅಲ್ಲಿಂದ ಮೊಣಕಾಲವರೆಗೂ ಕೆಂಪು ಏರಿತ್ತು, ಮುಟ್ಟಿದರೆ ಕಾದ ಹಂಚು. ಥರ್ಮಾಮೀಟರಿನಲ್ಲಿ ಜ್ವರ ಇರಲಿಲ್ಲ.

ಆಗ ಲೀಲಮ್ಮ ಸಿಸ್ಟರ್ ನಿವೃತ್ತಿಯಾಗಿ ಊರಿಗೆ ಹೋಗಿದ್ದರು. ವಾರ್ಡಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಕೆಲಸದಲ್ಲಿ ಗಟ್ಟಿ. ನಾನು ಬಾಯಿ ತೆರೆಯುವ ಮೊದಲೇ ಕಾಲು ನೋಡಿದರು, ಆ ಚಿಕ್ಕ ಬಾಟಲಿ ಕೇಳಿದರು. ಹೊಟ್ಟೆಯ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿ ಬಂತು. ಲ್ಯಾಬಿನವರು ಕೀವಿನ ಕಣ ತುಂಬಿದೆ ಎಂದರು.

ಡಾಕ್ಟರು ಮಂಗಳಮ್ಮನನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. "ನೋಡಿಯಮ್ಮ, ರೋಗದ ಹುಳುಗಳನ್ನು ತಡೆಯೋ ಕೆಲಸ ಲಿವರಿಂದು. ಇವರ ಲಿವರ್ ಆ ಕೆಲಸ ಬಿಟ್ಟಿದೆ. ಕಾಲಿನ ಬಿರುಕಲ್ಲಿ ನುಗ್ಗಿವೆ, ಹೊಟ್ಟೆಯ ನೀರಲ್ಲೂ ಸೇರ್ಕೊಂಡಿವೆ. ಅದರಿಂದ ತಲೆ ಮಂಕಾಗಿದೆ. ಈ ಸುಮ್ಮನಿರೋದು ಕಾಯಿಲೆ."

"ಬೈಯದೆ ಇರದು ಕಾಯ್ಲಾನಾ?"

"ಹೌದಮ್ಮ."

"ಉಂಡ್ಯಾ ಅಂತ ಕೇಳದೂ ಕಾಯ್ಲಾನಾ?"

ಡಾಕ್ಟರು ನನ್ನ ಮುಖ ನೋಡಿದರು.

ಸಂಜೆಯ ಹೊತ್ತಿಗೆ ಶಿವಣ್ಣ ಬಂದ. ಅವನೂ ಕಪ್ಪು ಬಟ್ಟೆಯಲ್ಲೇ ಇದ್ದ. ಇನ್ನು ಕೆಲವೇ ದಿನದಲ್ಲಿ ಬೆಟ್ಟಕ್ಕೆ ವ್ಯಾನು ಹೊರಡುವುದಿತ್ತು. "ಹೆಂಗೋ ಎತ್ತಿ ಕೂರುಸ್ಕಂಡು ಓಗ್ಬುಡನ ಕನವ್ವ. ಅಲ್ಲಿಗಂಟ ಓದ್ರೆ ಎಲ್ಲ ಸರಿಯಾಯ್ತದ. ಅರ್ಧಕ್ಕ ಮಾಲೆ ತಗುದ್ರೆ ಒಳ್ಳೇದಲ್ಲ," ಎಂದ. ಕೆಟ್ಟ ಮನುಷ್ಯನಲ್ಲ. ತಂಗಿಯ ಬಾಳು ನೆಟ್ಟಗಾಗಲಿ ಎಂದೇ ಇಷ್ಟೆಲ್ಲ ಮಾಡಿದವನು. ಅರ್ಧದಲ್ಲಿ ಮಾಲೆ ತೆಗೆಯುವುದು ಮನೆಯಲ್ಲಿ ಸಾವಾದಾಗ. ಆದ್ದರಿಂದ ಅವನಿಗೆ ಆ ಮಾತೇ ಅಪಶಕುನ.

ಡಾಕ್ಟರು, "ಮಾಲೆ ಕತ್ತಲ್ಲೇ ಇರಲಿ, ನಾನು ಮುಟ್ಟಲ್ಲ. ಮನುಷ್ಯನನ್ನ ಇಲ್ಲಿ ಬಿಡಿ. ಕಾಲಿಗೆ ಪಟ್ಟಿ ಕಟ್ಟಬೇಕು, ಇನ್ನು ಮೇಲೆ ಚಪ್ಪಲಿ ಹಾಕಬೇಕು," ಎಂದರು. ಅಣ್ಣ ತಂಗಿಯ ಕಡೆ ನೋಡಿದ. ಅವಳು ಎದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋದಳು. ನಾನೂ ಹಿಂದೆ ಹೋದೆ.

"ಅಕ್ಕಾ, ಒಂದ್ ಮಾತ ಹೇಳ್ತೀನಿ, ಯಾರ್ಗೂ ಹೇಳ್ಬೇಡಿ. ಔಷಧಿ ಹಾಕುದ್ರ ಮೊದುಲ್ನಂಗೇ ಆಯ್ತಾರಾ?"

"ಆಯ್ತಾರ."

"ಬೈತಾರಾ?"

"ಬೈದ್ರೇ ಗುಣ ಆದಂಗ."

ಅವಳು ಕಲ್ಲಿನ ಮೇಲೆ ನೀರು ಸುರಿದಳು. ಬಟ್ಟೆ ಏನೂ ಇರಲಿಲ್ಲ, ಬರಿಗಲ್ಲು. "ಹಿಂಗೇ ಇದ್ಬುಡ್ಲಿ ಅನ್ನುಸ್ತದ ಅಕ್ಕಾ."

"ಹಿಂಗೇ ಇದ್ರ ವಾರದೊಳ್ಗ ಮಣ್ಣು ಮಾಡ್ಬೇಕಾಯ್ತದ," ಎಂದೆ. ಹಾಗೆ ಹೇಳಬಾರದು ಎಂದು ಈಗ ತರಬೇತಿಯಲ್ಲಿ ಹೇಳಿಕೊಡುತ್ತಾರಂತೆ. ನನಗೆ ಬೇರೆ ಥರ ಬರುವುದಿಲ್ಲ.

ಅವಳು ಒಳಗೆ ಹೋಗಿ ಅಣ್ಣನಿಗೆ, "ನೀವ್ ಓಗ್ಬನ್ನಿ. ಇವ್ರು ಇಲ್ಲೇ ಇರ್ತರ," ಎಂದಳು. ಅಷ್ಟೇ. ಬೈಯುವ ಗಂಡನೇ ಬೇಕೆಂದು ಅವಳು ಒಪ್ಪಿಕೊಂಡದ್ದು ಆ ಒಂದು ಮಾತಿನಲ್ಲಿ. ಅದು ಸಣ್ಣ ಮಾತೆಂದು ನಾನು ಇವತ್ತಿಗೂ ತಿಳಿದಿಲ್ಲ.

ಮುಂದಿನ ದಿನಗಳು ಆಯಾ ಕೆಲಸದ ದಿನಗಳು. ನರಕ್ಕೆ ಸೂಜಿ, ಬಾಟಲಿ. ತಲೆಯ ಮಂಕು ಇಳಿಯಲು ಸಿಹಿ ಸಿರಪ್ಪು ಕುಡಿಸುತ್ತಾರೆ, ಅದು ಕುಡಿದರೆ ಮೇಲಿಂದ ಮೇಲೆ ಭೇದಿ. ಭೇದಿಯಾಗಲೆಂದೇ ಕೊಡುವುದು, ವಿಷ ಹೊರಗೆ ಹೋಗಬೇಕು. ಹೊಸಬರು ಇದು ಗೊತ್ತಿಲ್ಲದೆ ಮೂಗು ಮುರಿಯುತ್ತಾರೆ. ನಾನು ಒಂದು ಕಡೆ, ಮಂಗಳಮ್ಮ ಒಂದು ಕಡೆ ಹಿಡಿದು ಹೊರಳಿಸುತ್ತಿದ್ದೆವು. ಪ್ರತಿಸಲ ಮಾಲೆಯನ್ನು ಎತ್ತಿ ಬೆನ್ನ ಹಿಂದೆ ಹಾಕುವಳು, ಮೈಲಿಗೆ ತಾಗಬಾರದು. ತೊಳೆದ ಮೇಲೆ ಮತ್ತೆ ಎದೆಯ ಮೇಲೆ ತಂದಿಡುವಳು. ಈ ಕೆಲಸಕ್ಕೆ ಅವಳು ಒಂದು ದಿನವೂ ಬೇಸರಿಸಲಿಲ್ಲ.

ಒಂದು ಬೆಳಿಗ್ಗೆ ನಾನು ಪಂಚೆ ಬದಲಿಸಲು ಹೋದರೆ ಅವನು ಗಬಕ್ಕನೆ ನನ್ನ ಕೈ ಹಿಡಿದ. "ಯಾವಳಲೇ ಅವ್ಳು, ನನ್ನ ಪಂಚ ಬಿಚ್ತಿರಳು? ಮಾನ ಮರ್ವಾದ ಇಲ್ವಾ ನಿಂಗ? ಲೇ ಮೂದೇವಿ, ಎಲ್ ಸತ್ತೆ?"

ವಾರ್ಡಿನಲ್ಲಿ ಇದ್ದವರೆಲ್ಲ ನಕ್ಕುಬಿಟ್ಟರು. ಪಕ್ಕದ ಹಾಸಿಗೆಯವನು, "ಬಂದ್ರು ಕನಮ್ಮ ನಿಮ್ಮ ಯಜಮಾನ್ರು, ಆರತಿ ಎತ್ತಿ," ಎಂದ. ನಾನೂ ನಕ್ಕೆ. ಮಂಗಳಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲೋಟವನ್ನು ಸ್ಟೂಲಿನ ಮೇಲೆ ಇಟ್ಟು, ಅವನ ಬೈಗುಳ ಮುಗಿಯುವವರೆಗೂ ಕಾದು, "ಕುಡೀರಿ, ಆರೋಯ್ತದ," ಎಂದಳು.

ಮನೆಗೆ ಹೋಗುವ ದಿನ ಡಾಕ್ಟರು ಅವನಿಗೂ ಅವಳಿಗೂ ಹೇಳಿದರು, ಒಮ್ಮೆ ಹೀಗಾದವರಿಗೆ ಮತ್ತೆ ಆಗುತ್ತದೆ, ದಿನವೂ ಮಾತ್ರೆ ನುಂಗಬೇಕು, ಕಾಲು ಕಾಪಾಡಿಕೊಳ್ಳಬೇಕು, ಸ್ವಲ್ಪ ಮಂಕಾದರೂ ತಕ್ಷಣ ಬರಬೇಕು. ನಾನು ನನ್ನ ಭಾಷೆಯಲ್ಲಿ ಹೇಳಿದೆ. "ನೋಡವ್ವ, ಜ್ವರ ಬತ್ತದ ಅಂತ ಕಾಯ್ಬೇಡ. ಬೈಯದ ನಿಲ್ಸಿ ಒಳ್ಳೆ ಮಾತಾಡುದ್ರ ಗಾಡಿ ಹತ್ಸು." ಅವಳು ತಲೆಯಾಡಿಸಿದಳು.

ಅವನು ಮತ್ತೆ ಕುಡಿಯಲಿಲ್ಲ. ಇದನ್ನು ಬರೆಯಲೇಬೇಕು, ಅವನ ಬಗ್ಗೆ ಇಷ್ಟು ಕೆಟ್ಟದ್ದು ಬರೆದ ಮೇಲೆ. ಎಷ್ಟೋ ಜನರನ್ನು ನೋಡಿದ್ದೇನೆ, ಹೀಗೆ ಪೂರ್ತಿ ಬಿಟ್ಟವರು ಕಡಿಮೆ. ಆದರೆ ಅವನು ಬೆಟ್ಟಕ್ಕೆ ಹೋಗಲಾಗದ್ದರಿಂದ, ಹೋಗಿಬಂದ ಮೇಲೆ ತೆಗೆಯಬೇಕಾದ ಮಾಲೆ ಕತ್ತಿನಲ್ಲೇ ಉಳಿದಿತ್ತು. ಹರಕೆ ತೀರುವವರೆಗೆ ಕುಡಿಯುವುದಿಲ್ಲ, ಚಪ್ಪಲಿಯನ್ನೂ ಮೆಟ್ಟುವುದಿಲ್ಲ ಎಂದು ಹಟ ಹಿಡಿದನಂತೆ. ಅವನಿಗೆ ಎರಡೂ ಒಂದೇ ಗಂಟು, ಒಂದನ್ನು ಬಿಚ್ಚಿದರೆ ಇನ್ನೊಂದೂ ಬಿಚ್ಚಿಹೋಗುತ್ತದೆ ಎಂಬ ಹೆದರಿಕೆ. ಮಂಗಳಮ್ಮ ತಂದಿಟ್ಟ ಚಪ್ಪಲಿಯನ್ನು ಅಂಗಳಕ್ಕೆ ಎಸೆದನಂತೆ. ಶಿವಣ್ಣನೇ ಬಂದು, "ಭಾವ, ದೇವ್ರು ನಿಮ್ಮ ಕಾಲ ಕೇಳ್ನಿಲ್ಲ, ಮೆಟ್ಕಳಿ," ಎಂದು ಬೇಡಿಕೊಂಡರೂ ಕೇಳಲಿಲ್ಲ.

ಆಮೇಲೆ ಬಿಸಿಲು ಏರುವ ಕಾಲದಲ್ಲಿ, ನಡುಮಧ್ಯಾಹ್ನ, ಆಸ್ಪತ್ರೆಯ ಬಾಗಿಲಿಗೆ ಆಟೋ ಬಂದು ನಿಂತಿತು. ಮಂಗಳಮ್ಮ ಇಳಿದಳು. ತಲೆ ಕೆದರಿತ್ತು, ಸೀರೆ ತುಂಬ ಅರಿಶಿನ. ಅಂಗಳದಲ್ಲಿ ಅರಿಶಿನ ಬೇಯಿಸುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ಒಳಗೆ ಅವನು ಒರಗಿಕೊಂಡು ಕೂತಿದ್ದ, ನಮ್ಮನ್ನೆಲ್ಲ ನೋಡಿ ನಗುತ್ತಿದ್ದ.

"ಅಕ್ಕಾ, ಬಂದುದ್ದು ತಡ ಆಗ್ನಿಲ್ಲ ತಾನೆ? ಒಳ್ಳೆ ಮಾತಾಡುದ್ರು, ತಕ್ಷಣ ಆಟೋ ಕರುಸ್ದಿ."

ತಡವಾಗಿರಲಿಲ್ಲ. ಡಾಕ್ಟರೂ ಹಾಗೇ ಹೇಳಿದರು, ಇಷ್ಟು ಬೇಗ ಯಾರೂ ಕರೆತರುವುದಿಲ್ಲ ಎಂದು. ಆದರೆ ಈ ಸಲದ ಹುಳುಗಳು ಹಿಂದಿನ ಔಷಧಿಗೆ ಬಗ್ಗಲಿಲ್ಲ. ಬೇರೆ ಔಷಧಿ ಹಾಕಿದರು. ಕಾಲಿನ ಕೆಂಪು ತೊಡೆಗೆ ಏರಿತು. ಮೂತ್ರದ ಚೀಲ ಖಾಲಿಯಾಗಿಯೇ ತೂಗಿತು, ಕಿಡ್ನಿ ನಿಂತಿತ್ತು. ಮೈಸೂರಿಗೆ ಕರೆದೊಯ್ಯಿರಿ ಎಂದರು. ಶಿವಣ್ಣ ಆಂಬುಲೆನ್ಸಿಗೆ ಓಡಾಡುತ್ತಿರುವಾಗಲೇ ಪ್ರಾಣ ಹೋಯಿತು. ಯಾರನ್ನೂ ಬೈಯಲಿಲ್ಲ.

ಡಾಕ್ಟರು ಹೊರಗೆ ಹೋದ ಮೇಲೆ ನಾನು ಮೈ ಒರೆಸಿದೆ. ಮಾಲೆಯನ್ನು ಶಿವಣ್ಣನೇ ತೆಗೆದ. ಕಾಲಿಗೆ ಹೊಸ ಪಟ್ಟಿ ಕಟ್ಟಿದೆ. ಸತ್ತವನಿಗೆ ಯಾಕೆ ಎಂದು ಜೊತೆಯವಳು ಕೇಳಿದಳು. ಹೊರುವವರ ಕೈಗೆ ಸೋರಬಾರದು, ಅದಕ್ಕೆ.

ಮಂಗಳಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಟೀ ತಂದುಕೊಟ್ಟೆ. ಕುಡಿಯಲಿಲ್ಲ, ಇಟ್ಟುಕೊಂಡಳು. ಅಳುತ್ತಿರಲಿಲ್ಲ.

"ಅವತ್ತು ಏನ್ ಒಳ್ಳೆ ಮಾತಾಡುದ್ರು ಅಂತ ನೀವ್ ಕೇಳ್ನೇ ಇಲ್ಲ ಅಕ್ಕಾ."

"ಹೇಳವ್ವ."

"ಅರಿಶ್ನ ಬೇಯ್ಸಿ ಕೈಯೆಲ್ಲ ಬೊಬ್ಬ ಬಂದಿತ್ತು. ಪಕ್ಕಕ್ ಬಂದು ಕುಂತ್ಕಂಡು, ಸುಟ್ಕಂಡಿದ್ದಿಯಲ್ಲ ಮಂಗಳಾ, ಕೊಡು ನೋಡನ ಕೈಯ ಅಂದ್ರು." ಲೋಟವನ್ನು ಬೆಂಚಿನ ಮೇಲೆ ಇಟ್ಟಳು. "ನಂಗ ಎದ ಒಡ್ದೋಯ್ತು. ಎದ್ದು ಬೀದಿಗ್ ಓಡ್ದಿ, ಆಟೋ ಕರಿಯಕ್ಕ."

"ನೀನ್ ಮಾಡುದ್ದು ಸರಿ ಕನವ್ವ. ಅಲ್ಲೇ ಕುಂತಿದ್ರ ಅವತ್ತೇ ಓಗ್ಬುಡೋರು."

"ಸರಿ ಅಂತ ಗೊತ್ತು ಕನಕ್ಕ," ಎಂದಳು. "ಕೈ ಕೊಡ್ನಿಲ್ಲ ಅಷ್ಟೆ."

ಹೊಸಬರೇ, ಇಂಥ ಕಡೆ ಸಮಾಧಾನದ ಮಾತು ಹುಡುಕಬೇಡಿ. ನಾನು ಹೇಳಿಕೊಟ್ಟದ್ದು ಸರಿಯಿತ್ತು, ಅವಳು ಕಲಿತದ್ದು ಸರಿಯಿತ್ತು. ಇನ್ನೊಬ್ಬಳು ಬಂದಿದ್ದರೂ ಅದನ್ನೇ ಹೇಳಿಕೊಡುತ್ತಿದ್ದೆ, ಆಮೇಲೆ ಬಂದವರಿಗೆಲ್ಲ ಹೇಳಿಕೊಟ್ಟೂ ಇದ್ದೇನೆ.

ಗಾಡಿಯವನು ಹಾರ್ನ್ ಹೊಡೆದ. ಶಿವಣ್ಣ ಬಂದು ತಂಗಿಯನ್ನು ಎಬ್ಬಿಸಿಕೊಂಡು ಹೋದ. ನಾನು ಲೋಟದ ಟೀ ಚೆಲ್ಲಿ ಒಳಗೆ ಹೋದೆ. ಹಾಸಿಗೆ ತೊಳೆಯಬೇಕಿತ್ತು, ಗೋಡೆ ಒರಗಿ ಇನ್ನೊಬ್ಬ ಹೊಟ್ಟೆ ಹಿಡಿದುಕೊಂಡು ಕಾಯುತ್ತಿದ್ದ.